ಕರೆಂಟು ಹೋದಾಗ ಮಾತೂ ಹೋಗಬೇಕೆ?

ಕೊಕ್ಕರ್ಣೆ ಸುತ್ತಿನ ಹಳ್ಳಿಗಳಲ್ಲಿ ಮಳೆಗಾಲದ ರಾತ್ರಿಗಳಿಗೆ ಒಂದು ಕ್ರಮವಿದೆ. ಸಂಜೆಯ ಗಾಳಿಗೆ ಎಲ್ಲೋ ಒಂದು ಮರ ತಂತಿಯ ಮೇಲೆ ಒರಗುತ್ತದೆ, ಕರೆಂಟು ಹೋಗುತ್ತದೆ. ಅದೇ ಕ್ಷಣಕ್ಕೆ ಮನೆಯ ರೂಟರಿನ ದೀಪ ಆರುತ್ತದೆ. ಮೊಬೈಲಿನಲ್ಲಿ ಸಿಗ್ನಲ್ ಇನ್ನೂ ಕೆಲವು ಗಂಟೆ ಕಾಣುತ್ತದೆ. ನಡುರಾತ್ರಿಯ ಹೊತ್ತಿಗೆ ಅದೂ ಮಾಯ. ಬೆಳಗಾದ ಮೇಲೆ ಹೊಳೆಯಾಚೆಯವರು ಹೇಗಿದ್ದಾರೆಂದು ತಿಳಿಯಬೇಕಾದರೆ ದಡದಲ್ಲಿ ನಿಂತು ಕೂಗಿ ಕರೆಯಬೇಕು.

ಈಚೆಗೆ ವಿದ್ಯಾರ್ಥಿನಿಯೊಬ್ಬಳು ಕೇಳಿದಳು: "ನನ್ನ ಮೊಬೈಲಿನಲ್ಲಿ ಚಾರ್ಜು ಪೂರ್ತಿ ಇತ್ತು. ಆದರೂ ನೆಟ್‌ವರ್ಕ್ ಯಾಕೆ ಹೋಯಿತು? ಹಿಂದೆ ಮನೆಯ ಫೋನು ಕತ್ತಲಲ್ಲೂ ರಿಂಗಾಗುತ್ತಿತ್ತು ಅಂತ ಅಜ್ಜಿ ಹೇಳ್ತಾರೆ, ಅದು ಹೌದಾ?" ಹೌದು. ಅಜ್ಜಿಯ ನೆನಪು ಸರಿಯಾಗಿದೆ. ಆ ನೆನಪಿನಲ್ಲಿ ಮಲೆನಾಡಿನ ಜನ ಕೇಳಬೇಕಾದ ಒಂದು ಮುಖ್ಯ ಹಕ್ಕಿನ ಪ್ರಶ್ನೆಯೂ ಅಡಗಿದೆ.

ಸ್ಥಿರ ದೂರವಾಣಿಯ ತಾಮ್ರದ ಜೋಡಿ ತಂತಿಯಲ್ಲಿ ಮಾತಿನೊಂದಿಗೆ ವಿದ್ಯುತ್ತೂ ಬರುತ್ತಿತ್ತು. ವಿನಿಮಯ ಕೇಂದ್ರದಲ್ಲಿದ್ದ 48 ವೋಲ್ಟಿನ ಬ್ಯಾಟರಿಗಳು ನಮ್ಮ ಮನೆಯ ಫೋನನ್ನೂ ನಡೆಸುತ್ತಿದ್ದವು. ಮನೆಯಲ್ಲಿ ವಿದ್ಯುತ್ ಇಲ್ಲದಿದ್ದರೂ, ಕೇಂದ್ರದಲ್ಲಿ ಬ್ಯಾಟರಿ ಉಳಿದಿದ್ದು ತಂತಿ ಕಡಿಯದಿದ್ದರೆ ಫೋನು ಜೀವಂತವಾಗಿರುತ್ತಿತ್ತು. ಹಳ್ಳಿಗೆ ಹೊಂದುವ ತಂತ್ರಜ್ಞಾನ ಹೇಗಿರಬೇಕೆಂಬುದಕ್ಕೆ ನಮ್ಮ ರಾಜ್ಯದಲ್ಲೇ ಒಂದು ಒಳ್ಳೆಯ ಉದಾಹರಣೆಯಿದೆ. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆ ರೂಪಿಸಿದ 128 ಲೈನುಗಳ ಗ್ರಾಮೀಣ ವಿನಿಮಯ ಕೇಂದ್ರ 1986ರಲ್ಲಿ ಮೊದಲು ಕೆಲಸ ಆರಂಭಿಸಿದ್ದು ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ. ಹವಾನಿಯಂತ್ರಣದ ಕೋಣೆಯನ್ನು ಬೇಡದೆ, ನಮ್ಮ ಸೆಕೆ ಮತ್ತು ಧೂಳನ್ನು ತಾಳಿಕೊಳ್ಳುವಂತೆ ಅದನ್ನು ರಚಿಸಲಾಗಿತ್ತು. ಊರಿನ ಸ್ಥಿತಿಯನ್ನು ಮೊದಲು ನೋಡಿ, ಅನಂತರ ಯಂತ್ರವನ್ನು ಮಾಡಿದ ಕ್ರಮ ಅದು.

ಹಾಗೆಂದು ತಾಮ್ರದ ಕಾಲವೇ ಚೆನ್ನಾಗಿತ್ತೆಂದು ನಾವು ಹೇಳುತ್ತಿಲ್ಲ. ಒಂದು ಸಂಪರ್ಕಕ್ಕಾಗಿ ವರ್ಷಗಟ್ಟಲೆ ಕಾದ ಮನೆಗಳಿವೆ. ಮಳೆನೀರು ಕೇಬಲಿನ ಕೀಲುಗಳಿಗೆ ಇಳಿದು ವಾರಗಟ್ಟಲೆ ಕರಕರ ಸದ್ದು ಮಾತ್ರ ಕೇಳಿದ್ದೂ ಇದೆ. 2005ರಲ್ಲಿ ಬಿ.ಎಸ್.ಎನ್.ಎಲ್. ತಾಮ್ರದ ತಂತಿಯಲ್ಲೇ ಬ್ರಾಡ್‌ಬ್ಯಾಂಡ್ ಆರಂಭಿಸಿದಾಗ, ಕೇಂದ್ರದಿಂದ ನಾಲ್ಕೈದು ಕಿಲೋಮೀಟರು ದಾಟಿದ ಮನೆಗಳಿಗೆ ಅದರ ಪ್ರಯೋಜನ ಸಿಗಲಿಲ್ಲ. ದೂರ ಹೆಚ್ಚಿದಂತೆ ಆ ತಂತಿಯಲ್ಲಿ ಸಂಕೇತ ಸೊರಗುತ್ತದೆ. ತೋಟಕ್ಕೊಂದು ಮನೆಯಂತೆ ಚದುರಿದ ನಮ್ಮ ಊರುಗಳಿಗೆ ಗಾಜಿನೆಳೆಯ ಫೈಬರ್ ಕೇಬಲೇ ತಕ್ಕುದು. ಮನೆಗಳಿಗೆ ಎಳೆಯುವ ಫೈಬರ್ ಜಾಲದಲ್ಲಿ ಬೆಳಕಿನ ಸಂಕೇತ ನಡುದಾರಿಯಲ್ಲಿ ಎಲ್ಲಿಯೂ ವಿದ್ಯುತ್ ಬೇಡದೆ ಸುಮಾರು 20 ಕಿಲೋಮೀಟರು ಸಾಗಬಲ್ಲದು.

ಆದರೆ ಗಾಜು ವಿದ್ಯುತ್ತನ್ನು ತರಲಾರದು. ಫೈಬರಿನ ಎರಡೂ ತುದಿಗಳಲ್ಲಿ, ಅಂದರೆ ಸೇವೆ ಕೊಡುವವರ ಕೇಂದ್ರದಲ್ಲೂ ನಮ್ಮ ಮನೆಯಲ್ಲೂ, ಬೇರೆ ಬೇರೆಯಾಗಿ ವಿದ್ಯುತ್ ಇರಲೇಬೇಕು. ಮೊಬೈಲ್ ಟವರಿನ ಬುಡದಲ್ಲಿ ಬ್ಯಾಟರಿಗಳಿವೆ, ಕೆಲವೆಡೆ ಡೀಸೆಲ್ ಜನರೇಟರೂ ಇದೆ. ಆದರೆ ರಸ್ತೆಗೆ ಮರ ಬಿದ್ದ ದಿನ ಡೀಸೆಲ್ ತರುವವನೂ ಬರಲಾರ. ಒಂದು ಟವರು ಇನ್ನೊಂದರ ಮೂಲಕ ಸಂಪರ್ಕ ಪಡೆಯುವಲ್ಲಿ ಮುಂದಿನದು ನಿಂತರೆ ಹಿಂದಿನದೂ ಮೂಕವಾಗುತ್ತದೆ. ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರ ಇಷ್ಟೇ: ಅವಳ ಮೊಬೈಲಿನಲ್ಲಿ ಚಾರ್ಜು ಇತ್ತು, ಗುಡ್ಡದ ಮೇಲಿನ ಟವರಿನಲ್ಲಿ ಇರಲಿಲ್ಲ.

ಇದು ಬರಿಯ ಅನುಕೂಲದ ಮಾತಲ್ಲ. 2020ರ ಸೆಪ್ಟೆಂಬರ್ 20ರಂದು ಉಡುಪಿ ಜಿಲ್ಲೆಯಲ್ಲಿ ನೆರೆ ಬಂದಾಗ ರಾತ್ರಿ ಬೆಳಗಾಗುವುದರೊಳಗೆ ನೀರು ಅಂಗಳಕ್ಕೆ ಏರಿತ್ತು. 2023ರ ಅಕ್ಟೋಬರಿನಲ್ಲಿ ವಿಪತ್ತು ಸೂಚನೆಯ ಪರೀಕ್ಷೆಗಾಗಿ ನಮ್ಮ ಮೊಬೈಲುಗಳೆಲ್ಲ ಒಮ್ಮೆಲೇ ಕೂಗಿಕೊಂಡದ್ದು ಓದುಗರಿಗೆ ನೆನಪಿರಬಹುದು. ಆ ಕೂಗು ನಮಗೆ ತಲುಪುವುದು ಟವರಿನ ಮೂಲಕವೇ. ಸೂಚನೆ ಅತ್ಯಗತ್ಯವಾದ ರಾತ್ರಿಯೇ ಟವರು ಸತ್ತಿದ್ದರೆ ಆ ವ್ಯವಸ್ಥೆಯಿಂದ ಫಲವೇನು? ಹೆರಿಗೆ ನೋವಿಗೆ, ಹಾವು ಕಡಿತಕ್ಕೆ 108 ಕರೆಯಬೇಕಾದವರ ಪಾಡೂ ಇದೇ. ಕೃಷಿಕರಿಗೂ ಇದು ಮುಖ್ಯ. ಅಡಿಕೆಯ ಕೊಳೆರೋಗಕ್ಕೆ ಎರಡನೆಯ ಬಾರಿ ಬೋರ್ಡೋ ಸಿಂಪಡಿಸಲು ಮಳೆ ಹೊಳವಾಗುವ ದಿನವನ್ನು ಮುಂಚಿತವಾಗಿ ತಿಳಿಯಬೇಕು. ಆ ಮುನ್ಸೂಚನೆ ಈಗ ಬರುವುದು ಮೊಬೈಲಿಗೇ.

ಇಂಥ ಕಷ್ಟಕ್ಕೆ "ಇನ್ನೊಂದು ಟವರು ಬೇಕು" ಎಂಬ ಬೇಡಿಕೆ ಸಹಜವಾಗಿ ಏಳುತ್ತದೆ. 2021ರ ಜೂನ್‌ನಲ್ಲಿ ಸುಳ್ಯ ತಾಲೂಕಿನಲ್ಲಿ ರಸ್ತೆ ಬದಿ ಕುಳಿತು ಪಾಠ ಕೇಳುತ್ತಿದ್ದ ಮಗಳಿಗೆ ತಂದೆ ಕೊಡೆ ಹಿಡಿದು ನಿಂತ ಚಿತ್ರವನ್ನು ನಾಡೆಲ್ಲ ನೋಡಿದೆ. ಸಿಗ್ನಲ್ ಇಲ್ಲದ ಊರಿಗೆ ಟವರು ಬೇಡವೆನ್ನುವ ಪರಿಸರವಾದ ನಮ್ಮದಲ್ಲ. ಆದರೆ ಇರುವ ಟವರು ಮಳೆಗೆ ನಿಲ್ಲುವಲ್ಲಿ ಮತ್ತೊಂದನ್ನು ಕಟ್ಟಿದರೆ ಅದೂ ಅದೇ ಮಳೆಗೆ ನಿಲ್ಲುತ್ತದೆ. ಕಾಡಿನ ನಡುವೆ ಕಂಪನಿಗೊಂದು ಟವರು, ಟವರಿಗೊಂದು ರಸ್ತೆ ಎಂದಾದರೆ ಗುಡ್ಡ ಉಳಿಯದು. ಒಂದೇ ಟವರನ್ನು ಹಲವರು ಹಂಚಿಕೊಳ್ಳುವ ದಾರಿ ಈಗ ತೆರೆದಿದೆ: ಸರಕಾರಿ ನಿಧಿಯ ನೆರವಿನಿಂದ ಕಟ್ಟಿದ 4ಜಿ ಟವರುಗಳಲ್ಲಿ ಬೇರೆ ಕಂಪನಿಯ ಗ್ರಾಹಕರಿಗೂ ಸಂಪರ್ಕ ಕೊಡುವ ವ್ಯವಸ್ಥೆಗೆ 2025ರ ಜನವರಿಯಲ್ಲಿ ಚಾಲನೆ ದೊರೆಯಿತು. ಹಳ್ಳಿಗಳ ಸಂಪರ್ಕಕ್ಕಾಗಿ ದೂರಸಂಪರ್ಕ ಕಂಪನಿಗಳ ಆದಾಯದಿಂದ ಸಂಗ್ರಹವಾಗುವ ಈ ನಿಧಿಗೆ 2023ರ ದೂರಸಂಪರ್ಕ ಕಾಯಿದೆ 'ಡಿಜಿಟಲ್ ಭಾರತ್ ನಿಧಿ' ಎಂದು ಹೆಸರಿಟ್ಟಿತು. ನಮ್ಮಂಥ ಊರುಗಳಿಗಾಗಿ ಇರುವ ಹಣ ಅದು; ಅದರ ಬಗ್ಗೆ ಕೇಳಲು ನಾವು ಸಂಕೋಚಪಡಬೇಕಾಗಿಲ್ಲ.

ಮನೆಯ ಮಟ್ಟದಲ್ಲಿ ನಾವು ಮಾಡಬಹುದಾದದ್ದೂ ಇದೆ. ರೂಟರಿನ ಅಡಾಪ್ಟರಿನ ಮೇಲೆ ಸಾಮಾನ್ಯವಾಗಿ 12 ವೋಲ್ಟ್, 1 ಆಂಪಿಯರ್ ಎಂದು ಬರೆದಿರುತ್ತದೆ. ಅಂದರೆ ಹೆಚ್ಚೆಂದರೆ 12 ವ್ಯಾಟ್. 12 ವೋಲ್ಟ್, 7 ಆಂಪಿಯರ್-ಅವರ್‌ನ ಒಂದು ಸಣ್ಣ ಬ್ಯಾಟರಿಯಲ್ಲಿ 84 ವ್ಯಾಟ್-ಅವರ್ ಇರುತ್ತದೆ. ಪೂರ್ತಿ ಬಸಿಯದೆ ಬಳಸಿದರೂ ನಾಲ್ಕೈದು ಗಂಟೆ ರೂಟರು ನಡೆದೀತು. ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್ ತಿಂಗಳುಗಳಲ್ಲಿ ಗುಡುಗು ದೂರದಲ್ಲಿ ಕೇಳುವಾಗಲೇ ಅಡಾಪ್ಟರನ್ನು ಪ್ಲಗ್ಗಿನಿಂದ ಕಿತ್ತಿಡಬೇಕು. ಸ್ವಿಚ್ಚು ಆರಿಸಿದರೆ ಸಾಲದು. ಫೈಬರ್ ಸಿಡಿಲನ್ನು ಒಯ್ಯದಿದ್ದರೂ ಅದರೊಂದಿಗೆ ಎಳೆದಿರುವ ಲೋಹದ ಸರಿಗೆ ಒಯ್ಯಬಲ್ಲದು, ಮನೆಯ ವಿದ್ಯುತ್ ತಂತಿಯಂತೂ ಒಯ್ಯುತ್ತದೆ. ಸುಟ್ಟ ಮೋಡೆಮ್ಮುಗಳನ್ನೂ ಸತ್ತ ಬ್ಯಾಟರಿಗಳನ್ನೂ ತೋಡಿಗೆ ಎಸೆಯುವ ಅಭ್ಯಾಸ ನಿಲ್ಲಲಿ. ಬ್ಯಾಟರಿಯ ಸೀಸ ನಾವು ಕುಡಿಯುವ ಬಾವಿಗೇ ಇಳಿಯುತ್ತದೆ. ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸುವ ಹೊಣೆಯನ್ನು 2022ರ ನಿಯಮಗಳು ತಯಾರಕರ ಮೇಲೆ ಹೊರಿಸಿವೆ. ಹೊಸದನ್ನು ಕೊಳ್ಳುವಾಗ ಹಳೆಯದನ್ನು ಅಂಗಡಿಗೇ ಒಪ್ಪಿಸೋಣ.

ಆದರೆ ಅತ್ತ ಕೇಂದ್ರ ಕತ್ತಲಾದರೆ ಇತ್ತ ನಮ್ಮ ಬ್ಯಾಟರಿ ವ್ಯರ್ಥ. ಆದುದರಿಂದ ಮುಂದಿನ ಗ್ರಾಮಸಭೆಗಳಲ್ಲಿ ಮೂರು ಸಂಗತಿಗಳು ನಿರ್ಣಯವಾಗಲಿ. ಒಂದು, ನಮ್ಮ ವ್ಯಾಪ್ತಿಯ ಪ್ರತಿಯೊಂದು ಟವರು ಮತ್ತು ಫೈಬರ್ ಕೇಂದ್ರ ಕರೆಂಟಿಲ್ಲದೆ ಎಷ್ಟು ಗಂಟೆ ನಡೆಯಬಲ್ಲದು ಎಂಬ ಮಾಹಿತಿ ಮಳೆಗಾಲಕ್ಕೆ ಮುನ್ನ ಪಂಚಾಯತಿಯ ಫಲಕದಲ್ಲಿ ಬರಲಿ. ಎರಡು, ಹೊಸ ಟವರಿಗೆ ಕಾಡು ಕೇಳುವ ಮೊದಲು ಇರುವ ಟವರುಗಳಿಗೆ ದೊಡ್ಡ ಬ್ಯಾಟರಿ ಕೊಡಲಿ, ಅವು ಎಲ್ಲ ಕಂಪನಿಗಳವರಿಗೂ ತೆರೆಯಲಿ. ಆಷಾಢದ ಮೋಡದಲ್ಲಿ ಸೌರಫಲಕವೊಂದನ್ನೇ ನಂಬಲಾಗದು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿ. ಮೂರು, ಪಂಚಾಯತಿಗಳಿಗೆ ಫೈಬರ್ ಮುಟ್ಟಿಸುವ ಯೋಜನೆ 2011ರಲ್ಲೇ ಮಂಜೂರಾಗಿ 2015ರಲ್ಲಿ ಭಾರತ್‌ನೆಟ್ ಎಂಬ ಹೆಸರು ಪಡೆದಿದೆ. ಆ ಸಂಪರ್ಕಕ್ಕೆ ಬ್ಯಾಟರಿಯ ಆಸರೆ ಒದಗಿಸಿ, ಮಳೆಯ ರಾತ್ರಿಗಳಲ್ಲಿ ಪಂಚಾಯತಿ ಕಚೇರಿಯ ಒಂದು ಕೋಣೆ ಎಲ್ಲರಿಗೂ ತೆರೆದಿರಲಿ. ಕರೆ ಮಾಡಲು, ಮೊಬೈಲ್ ಚಾರ್ಜು ಮಾಡಲು ಊರಿಗೊಂದು ಜಾಗವಾದರೂ ಉಳಿಯುತ್ತದೆ.

ಹೊಳೆಗೆ ಕಟ್ಟ ಹಾಕುವ ಕೆಲಸಕ್ಕೆ ಊರಿನವರು ಒಟ್ಟಾಗಿ ಇಳಿಯುತ್ತಿದ್ದರು, ನೀರು ಎಲ್ಲರ ಗದ್ದೆಗೂ ಬೇಕಾದುದರಿಂದ. ಸಂಪರ್ಕವೂ ಈಗ ಅಂಥದೇ ಊರೊಟ್ಟಿನ ವಸ್ತು. ಒಬ್ಬೊಬ್ಬರೇ ಗುಡ್ಡ ಹತ್ತಿ ಸಿಗ್ನಲ್ ಹುಡುಕುವುದನ್ನು ಬಿಟ್ಟು, ಮುಂದಿನ ಮಳೆಗಾಲದೊಳಗೆ ಎಲ್ಲರೂ ಸೇರಿ ಇದನ್ನು ಕೇಳಬೇಕಾಗಿದೆ.