ಉಗಿ ಎಂಜಿನ್ನಿಗೆ ವೇಷ ಬೇಡ, ಜೀವ ಬೇಕು



ಪಾರಂಪರಿಕ ರೈಲಿನ ಹೆಸರಿನಲ್ಲಿ ರೈಲ್ವೆ ಇಲಾಖೆ ಹಿಡಿದಿರುವ ದಾರಿಗೆ ನನ್ನ ಆಕ್ಷೇಪವಿದೆ. 2023ರ ಅಕ್ಟೋಬರ್ 31ರಂದು ಗುಜರಾತಿನ ಏಕತಾ ನಗರ–ಅಹಮದಾಬಾದ್ ನಡುವೆ ಚಾಲನೆ ಪಡೆದ ಪಾರಂಪರಿಕ ರೈಲನ್ನು ಎಳೆಯುವುದು ವಿದ್ಯುತ್ ಎಂಜಿನ್. ಹೊರಮೈಗೆ ಮಾತ್ರ ಉಗಿ ಎಂಜಿನ್ನಿನ ರೂಪ. ಒಳಗೆ ಕುದಿಯುವ ನೀರೂ ಇಲ್ಲ, ಬೆಂಕಿಯೂ ಇಲ್ಲ. ಇದನ್ನು ಪರಂಪರೆ ಎಂದು ಒಪ್ಪಲಾಗದು. ಮಂಗಳೂರು–ಸುಬ್ರಹ್ಮಣ್ಯ ರಸ್ತೆ ಮಾರ್ಗಕ್ಕೆ ಮುಂದೆಂದಾದರೂ ಇಂಥ ಪ್ರವಾಸಿ ರೈಲು ಬರುವುದಾದರೆ, ಹಳೆಯ ಉಗಿ ಎಂಜಿನ್ನೊಂದನ್ನು ಬಿಚ್ಚಿ, ರಿಪೇರಿ ಮಾಡಿ, ನಿಜವಾದ ಉಗಿಯಲ್ಲೇ ಓಡಿಸಬೇಕು.

ಯಾಕೆಂದರೆ ಇಲ್ಲಿ ಉಳಿಯಬೇಕಾದದ್ದು ಕಬ್ಬಿಣದ ಆಕಾರಕ್ಕಿಂತ ಹೆಚ್ಚಾಗಿ ಕೈಕೆಲಸ. ಬಾಯ್ಲರಿನ ಸವೆದ ಕೊಳವೆಗಳನ್ನು ತೆಗೆದು ಹೊಸತು ಕೂರಿಸುವುದು, ಒತ್ತಡ ತಡೆಯುತ್ತದೆಯೇ ಎಂದು ಪರೀಕ್ಷಿಸುವುದು, ಏರು ಬರುವ ಮೊದಲೇ ಬೆಂಕಿ ಹದ ಮಾಡಿಕೊಳ್ಳುವುದು, ಇವನ್ನೆಲ್ಲ ಪುಸ್ತಕ ಓದಿ ಕಲಿಯಲಾಗದು. ಚಿತ್ತರಂಜನ್ ಕಾರ್ಖಾನೆ ಉಗಿ ಎಂಜಿನ್ ತಯಾರಿಕೆ ನಿಲ್ಲಿಸಿದ್ದು 1972ರಲ್ಲಿ. ಆ ಪೀಳಿಗೆಯ ಕೆಲಸಗಾರರು ನಿವೃತ್ತರಾಗಿ ವರ್ಷಗಳೇ ಕಳೆದಿವೆ. ಹಾಗೆಂದು ಇದು ಕೈಮೀರಿದ ಕೆಲಸವಲ್ಲ. ತಿರುಚಿರಾಪಳ್ಳಿಯ ಗೋಲ್ಡನ್ ರಾಕ್ ವರ್ಕ್‌ಶಾಪ್ 2011ರಿಂದೀಚೆಗೆ ನೀಲಗಿರಿ ರೈಲಿಗೆ ಹೊಸ ಉಗಿ ಎಂಜಿನ್‌ಗಳನ್ನೇ ಕಟ್ಟಿಕೊಟ್ಟಿದೆ. ಹರಿಯಾಣದ ರೇವಾಡಿ ಶೆಡ್ಡಿನಲ್ಲಿ ಬ್ರಾಡ್‌ಗೇಜಿನ ಹಳೆಯ ಎಂಜಿನ್‌ಗಳು ಉಗಿಯಲ್ಲೇ ಓಡಿವೆ. ಬ್ರಿಟನ್ನಿನಲ್ಲಂತೂ, ಒಂದೂ ಉಳಿಯದಂತೆ ಗುಜರಿ ಸೇರಿದ್ದ ಮಾದರಿಯನ್ನು ಜನರೇ ದೇಣಿಗೆ ಕೂಡಿಸಿ ಹೊಸದಾಗಿ ಕಟ್ಟಿ, 2008ರಲ್ಲಿ 'ಟೊರ್ನಾಡೊ' ಎಂಬ ಹೆಸರಿನಲ್ಲಿ ಹಳಿಗಿಳಿಸಿದರು.

ಹಾಸನ–ಮಂಗಳೂರು ಮಾರ್ಗ ಪೂರ್ಣಗೊಂಡದ್ದೇ 1979ರಲ್ಲಿ, ಇಲ್ಲಿಗೆ ಉಗಿಯ ಪರಂಪರೆ ಎಲ್ಲಿಯದು ಎಂದು ಕೇಳಬಹುದು. ಆದರೆ ಮಂಗಳೂರಿಗೆ 1907ರಲ್ಲಿ ರೈಲು ಬಂದದ್ದು ಉಗಿಯ ಬಲದಿಂದ, ಅದೂ ಬ್ರಾಡ್‌ಗೇಜಿನಲ್ಲಿ. ಹೊಗೆಯ ಆಕ್ಷೇಪ ಇನ್ನೂ ತೂಕದ್ದು. ಸುಬ್ರಹ್ಮಣ್ಯ ರಸ್ತೆಯಿಂದ ಸಕಲೇಶಪುರಕ್ಕೆ 55 ಕಿ.ಮೀ.; 57 ಸುರಂಗಗಳು, 50 ಅಡಿಗೆ ಒಂದಡಿಯ ಏರು. ಅಲ್ಲಿಗೆ ಉಗಿ ಎಂಜಿನ್ ಖಂಡಿತ ಬೇಡ. ಬಂಟ್ವಾಳ, ಕಬಕ ಪುತ್ತೂರು, ಕಾಣಿಯೂರು ಹಾದು ಘಾಟಿಯ ಬುಡದವರೆಗೆ ಬಂದರೆ ಸಾಕು. ಕಿಡಿ ಹಾರಿ ಮುಳಿಹುಲ್ಲಿನ ಗುಡ್ಡಕ್ಕೆ ಬೆಂಕಿ ಹಿಡಿಯುವ ಭಯವಿದ್ದರೆ ನೀಲಗಿರಿಯಂತೆ ಎಣ್ಣೆ ಉರಿಸಬಹುದು. ವಿದ್ಯುತ್ ತಂತಿ ಕೂಡ ಅಡ್ಡಿಯಾಗಲಾರದು. ಬ್ರಿಟನ್ನಿನಲ್ಲಿ 25 ಸಾವಿರ ವೋಲ್ಟಿನ ತಂತಿಯ ಕೆಳಗೇ ಉಗಿ ರೈಲುಗಳು ಓಡುತ್ತವೆ. ಉರಿಸಿದ ಇಂಧನದ ಶಾಖದಲ್ಲಿ ಹತ್ತರಲ್ಲೊಂದು ಪಾಲೂ ಚಕ್ರಕ್ಕೆ ದಕ್ಕದ ಈ ಎಂಜಿನ್ ದಿನನಿತ್ಯದ ಓಡಾಟಕ್ಕೆ ತಕ್ಕದ್ದಲ್ಲ, ನಿಜ. ವಾರಾಂತ್ಯಕ್ಕೊಂದು ಓಟವಷ್ಟೇ ನಾನು ಕೇಳುತ್ತಿರುವುದು.

ದಿನದ ಪ್ರಯಾಣಿಕರಿಗೇ ರೈಲು ಸಾಲದಿರುವಾಗ ಈ ಖರ್ಚು ಯಾಕೆ ಎಂಬ ಪ್ರಶ್ನೆಗೆ ನಾನು ತಲೆಬಾಗುತ್ತೇನೆ. ಬಹುಕಾಲದ ಬೇಡಿಕೆಯ ನಂತರ, 2025ರ ಏಪ್ರಿಲ್‌ನಲ್ಲಿ ಮಂಗಳೂರು–ಪುತ್ತೂರು ಪ್ಯಾಸೆಂಜರ್ ಸುಬ್ರಹ್ಮಣ್ಯ ರಸ್ತೆಗೆ ವಿಸ್ತರಣೆಯಾಯಿತು. ಕೂಲಿಗೆ, ಕಾಲೇಜಿಗೆ, ಆಸ್ಪತ್ರೆಗೆ ಹೋಗುವವರ ಆ ರೈಲಿನ ಒಂದು ನಿಮಿಷವನ್ನೂ ಪ್ರವಾಸಿ ರೈಲು ಕಸಿಯಬಾರದು. ಅದರ ಖರ್ಚು ಅದರದೇ ಟಿಕೆಟ್ ದರದಿಂದ ಹುಟ್ಟಬೇಕು. ಆದರೆ ಪಾರಂಪರಿಕ ರೈಲಿಗೆಂದೇ ಹಣ ತೆಗೆದಿಟ್ಟ ಮೇಲೆ ಅದನ್ನು ತಗಡಿನ ವೇಷಕ್ಕೆ ಸುರಿಯುವುದು ನ್ಯಾಯವಲ್ಲ. ಮೈಸೂರು ವಿಭಾಗದ ಅಧಿಕಾರಿಗಳು ಮೊದಲ ಹೆಜ್ಜೆಯಾಗಿ ಮೈಸೂರು ವರ್ಕ್‌ಶಾಪಿನ ಕೆಲವು ಯುವ ಫಿಟ್ಟರ್‌ಗಳನ್ನು ಗೋಲ್ಡನ್ ರಾಕ್‌ಗೆ ಕಳುಹಿಸಿ ಬಾಯ್ಲರ್ ಕೆಲಸ ಕಲಿಸಲಿ ಎಂದು ವಿನಂತಿಸುತ್ತೇನೆ.

ಇತಿ,
ಓದುಗ, ಕಾಣಿಯೂರು