ತಕ್ಕಡಿಗೆ ಮುದ್ರೆ, ವಕೀಲನಿಗೆ ವಿದ್ಯೆ

ಕುಡಿದು ಗಾಡಿ ನಡೆಸುವವನ ವಕಾಲತ್ತು ವಹಿಸಲು ನಾವು ಇದನ್ನು ಬರೆಯುತ್ತಿಲ್ಲ. ರಾತ್ರಿಪಾಳಿ ಮುಗಿಸಿ ಸೈಕಲ್ಲಿನಲ್ಲಿ ಮನೆಗೆ ಹೊರಟ ಕಾರ್ಮಿಕನನ್ನು ಅಂಥವನೊಬ್ಬ ಬಲಿ ತೆಗೆದುಕೊಂಡರೆ ಆ ಸಂಸಾರದ ಗತಿ ಏನಾಗುತ್ತದೆಂಬುದನ್ನು ನಮ್ಮ ಓದುಗರಿಗೆ ಹೇಳಬೇಕಾದುದಿಲ್ಲ. ತಪ್ಪು ಮಾಡಿದವನಿಗೆ ಶಿಕ್ಷೆಯಾಗಲೇಬೇಕು. ಆದರೆ ತಪ್ಪು ಮಾಡಿದನೆಂದು ಸಾಕ್ಷಿ ಹೇಳುವ ಯಂತ್ರವೇ ತಪ್ಪಿದರೆ?

ಅಮೆರಿಕದ ನ್ಯೂಜೆರ್ಸಿ ಸಂಸ್ಥಾನದಲ್ಲಿ ಈ ಪ್ರಶ್ನೆ ಎದ್ದಿತು. ಉಸಿರು ಪರೀಕ್ಷಿಸುವ ಯಂತ್ರಗಳನ್ನು ಹೊಂದಿಸುವಾಗ ಪ್ರಮಾಣಿತ ಉಷ್ಣಮಾಪಕದಿಂದ ತಾಳೆ ನೋಡತಕ್ಕದ್ದೆಂಬ ನಿಯಮವನ್ನು ಒಬ್ಬ ಪೊಲೀಸ್ ಅಧಿಕಾರಿ ಪಾಲಿಸಲಿಲ್ಲವೆಂಬ ಆರೋಪ ಬಂತು. ಹಾಗೆ ತಾಳೆ ನೋಡದ ಯಂತ್ರದ ಅಂಕಿಯನ್ನು ಸಾಕ್ಷ್ಯವಾಗಿ ಸ್ವೀಕರಿಸಲಾಗದೆಂದು 2018ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಆ ತೀರ್ಪು ತಟ್ಟಿದ್ದು 20,667 ಮಂದಿಯ ಪರೀಕ್ಷೆಗಳಿಗೆ!

ಅಂಗಡಿಕಾರನ ತಕ್ಕಡಿಗೆ ಮುದ್ರೆಯಿಲ್ಲದಿದ್ದರೆ ಸರ್ಕಾರ ದಂಡ ಹಾಕುತ್ತದೆ. ಸರ್ಕಾರದ ತಕ್ಕಡಿಗೆ ಮುದ್ರೆಯುಂಟೇ ಎಂದು ಕೇಳುವವರು ಯಾರು? ವಕೀಲನೇ ಕೇಳಬೇಕು. ಕೇಳಬೇಕಾದರೆ ಅವನಿಗೆ ವಿಷಯ ತಿಳಿದಿರಬೇಕು. ಯಂತ್ರ ಅಳೆಯುವುದು ಉಸಿರನ್ನು. ರಕ್ತದ ಲೆಕ್ಕ ಅದರಿಂದ ಕಟ್ಟಿದ್ದು. ಬಾಯಲ್ಲಿ ಉಳಿದ ಮದ್ಯವೂ ಅಂಕಿಯನ್ನು ಏರಿಸಬಲ್ಲದು. ಇವೆಲ್ಲ ಲಾ ಕಾಲೇಜಿನಲ್ಲಿ ಒಮ್ಮೆ ಓದಿ ಮುಗಿಸುವ ಪಾಠಗಳಲ್ಲ.

ಅಮೆರಿಕದ ಬಹುಪಾಲು ಸಂಸ್ಥಾನಗಳಲ್ಲಿ ವಕೀಲರು ವೃತ್ತಿಗಿಳಿದ ಮೇಲೂ ಇಂತಿಷ್ಟು ಗಂಟೆ ವ್ಯಾಸಂಗ ಮಾಡಬೇಕೆಂಬ ಕಟ್ಟಳೆಯಿದೆ. ಈ ಬಗೆಯ ಮೊಕದ್ದಮೆ ನಡೆಸುವವರಿಗೆಂದೇ ‘ನ್ಯಾಷನಲ್ ಕಾಲೇಜ್ ಫಾರ್ ಡಿಯುಐ ಡಿಫೆನ್ಸ್’ ಎಂಬ ಸಂಸ್ಥೆ ತರಗತಿ ನಡೆಸುತ್ತದೆ. ಒಳ್ಳೆಯದೇ. ಆದರೆ ಹಾಗೆ ಕಲಿತ ವಿದ್ಯೆ ಹೆಚ್ಚಾಗಿ ಫೀಜು ತೆರಬಲ್ಲವನ ಮನೆಗೇ ಹೋಗುತ್ತದೆ. ವಕೀಲನಿಲ್ಲದೆ ಯಾರನ್ನೂ ಸೆರೆಮನೆಗೆ ಕಳುಹಿಸಲಾಗದೆಂದು ಆ ದೇಶದ ಸರ್ವೋಚ್ಚ ನ್ಯಾಯಾಲಯ 1972ರಲ್ಲೇ ಹೇಳಿತು. ಆದರೂ ಬಡವನಿಗೆ ಸಿಗುವ ಸರ್ಕಾರಿ ವಕೀಲನ ಮುಂದೆ ಕಡತಗಳ ರಾಶಿಯೇ ಬಿದ್ದಿರುತ್ತದೆ. ಯಂತ್ರದ ದಾಖಲೆ ಕೆದಕಲು ಅವನಿಗೆ ಬಿಡುವೆಲ್ಲಿ?

ಇದು ಅಮೆರಿಕದ ಕಥೆಯೆಂದು ನಾವು ಕೈತೊಳೆಯುವಂತಿಲ್ಲ. ನಮ್ಮ 1988ರ ಮೋಟಾರು ವಾಹನ ಕಾಯಿದೆಯ 185ನೇ ಕಲಮೂ ಉಸಿರಿನ ಯಂತ್ರವನ್ನೇ ನೆಚ್ಚಿದೆ. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮದ್ಯಸಾರ ಮೀರಿದರೆ ಅಪರಾಧ. 2019ರ ತಿದ್ದುಪಡಿಯಂತೆ ಮೊದಲ ತಪ್ಪಿಗೆ ಆರು ತಿಂಗಳವರೆಗೆ ಸೆರೆ, ಇಲ್ಲವೇ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಕಾರಿನ ಧಣಿಗೆ ಇದು ಕೈಖರ್ಚು. ಲಾರಿ ಚಾಲಕನ ಲೈಸೆನ್ಸು ಹೋದರೆ ಮನೆಯ ಒಲೆಯೇ ಆರುತ್ತದೆ.

ಸಂವಿಧಾನದ 39ಎ ವಿಧಿ ಬಡವನಿಗೆ ಉಚಿತ ಕಾನೂನು ನೆರವಿನ ಮಾತು ಕೊಟ್ಟಿದೆ. 1987ರ ಕಾಯಿದೆಯಂತೆ ತಾಲ್ಲೂಕಿನವರೆಗೂ ಅದಕ್ಕೆ ಸಮಿತಿಗಳಿವೆ. ಆ ಸಮಿತಿಗಳ ವಕೀಲರಿಗೆ ಸರ್ಕಾರದ ಖರ್ಚಿನಲ್ಲೇ ಈ ಶಿಕ್ಷಣ ಸಿಗಬೇಕು. ಯಂತ್ರವನ್ನು ಎಂದು, ಯಾರು ತಾಳೆ ನೋಡಿದರೆಂಬ ಕಾಗದ, ಕೇಳದೆಯೇ ಆಪಾದಿತನ ಕೈಸೇರಬೇಕು. ಇದು ನಮ್ಮ ಒತ್ತಾಯ.

ತಪ್ಪಿತಸ್ಥ ತಪ್ಪಿಸಿಕೊಳ್ಳಲೆಂದು ನಾವು ಇದನ್ನು ಕೇಳುತ್ತಿಲ್ಲ. ಬಡವನ ತಪ್ಪನ್ನೂ ಸರಿಯಾದ ತಕ್ಕಡಿಯಲ್ಲೇ ತೂಗಿರೆಂದು ಕೇಳುತ್ತಿದ್ದೇವೆ.