ಹೊಸ ಮರಿ, ಹಳೆಯ ನಾಯಿ

ನಾಯಿಯನ್ನು ಸಾಕಿದ ಮನೆಗೆ ಮಕ್ಕಳು ಒಂದು ಸಂಜೆ ಬೆಕ್ಕಿನ ಮರಿಯನ್ನು ತರುತ್ತಾರೆ. ನಾಯಿಯ ಮೂತಿಯ ಬಳಿಯೇ ಅದನ್ನು ಹಿಡಿದು, "ನೋಡು, ನಿನ್ನ ತಮ್ಮ ಬಂದಿದ್ದಾನೆ" ಎನ್ನುತ್ತಾರೆ. ನಾಯಿ ಗುರುಗುಟ್ಟುತ್ತದೆ; ಮರಿ ಬೆನ್ನನ್ನು ಬಿಲ್ಲಿನಂತೆ ಬಾಗಿಸಿ ಬುಸುಗುಟ್ಟುತ್ತದೆ. ಹಿರಿಯರು ನಾಯಿಗೆ ಎರಡೇಟು ಕೊಟ್ಟು ಹಿತ್ತಲಿನಲ್ಲಿ ಕಟ್ಟುತ್ತಾರೆ. ಅದಕ್ಕೆ ಹೊಟ್ಟೆಕಿಚ್ಚೆಂಬ ತೀರ್ಪು ಅಂದೇ ಹೊರಬೀಳುತ್ತದೆ. ಈ ತೀರ್ಪು ನ್ಯಾಯವಾದುದಲ್ಲ. ತಪ್ಪು ಪರಿಚಯ ಮಾಡಿಸಿದವರದು.

ನಾಯಿ ತನ್ನ ಮನೆಯನ್ನು ಬಹುಮಟ್ಟಿಗೆ ವಾಸನೆಯಿಂದಲೇ ಅರಿಯುತ್ತದೆ. ಬೆಕ್ಕೂ ಹಾಗೆಯೇ. ಅದು ಕೆನ್ನೆಯನ್ನು ಬಾಗಿಲಿಗೆ, ಕಂಬಕ್ಕೆ, ಮನೆಯವರ ಕಾಲಿಗೆ ಉಜ್ಜುವುದು ಕೇವಲ ಮುದ್ದಿಗಾಗಿ ಅಲ್ಲ. ಅಲ್ಲಿರುವ ಗ್ರಂಥಿಗಳ ವಾಸನೆಯನ್ನು ಗುರುತಾಗಿ ಬಿಡುವುದಕ್ಕಾಗಿ. ಹೀಗಿರಲು ಪರಿಚಯವು ಮೂಗಿನಿಂದ ಆರಂಭವಾಗಬೇಕು. ಕಣ್ಣಿನ ಸರದಿ ಅನಂತರದ್ದು. ಕೆಲವು ದಿನ ಮರಿ ಬೇರೆ ಕೋಣೆಯಲ್ಲಿರಲಿ. ಅದು ಮಲಗಿದ ಬಟ್ಟೆಯನ್ನು ನಾಯಿಗೂ, ನಾಯಿ ಮಲಗಿದ ಗೋಣಿಯನ್ನು ಮರಿಗೂ ಮೂಸಲು ಕೊಡಬೇಕು. ಮುಚ್ಚಿದ ಬಾಗಿಲಿನ ಆಚೆ ಈಚೆ ಎರಡಕ್ಕೂ ಊಟವಿಟ್ಟರೆ ಅಪರಿಚಿತ ವಾಸನೆ ಅನ್ನದ ಹೊತ್ತಿನ ವಾಸನೆಯಾಗುತ್ತದೆ. ಪಶುವೈದ್ಯರ ತಪಾಸಣೆಯೂ ಈ ಅವಧಿಯಲ್ಲಿಯೇ ಮುಗಿಯುವುದು ಒಳ್ಳೆಯದು.

ಇವೆರಡರ ಭಾಷೆಯೂ ಬೇರೆ. ನಾಯಿ ಬಾಲವನ್ನು ಸಡಿಲವಾಗಿ ಆಡಿಸಿದರೆ ಸಾಮಾನ್ಯವಾಗಿ ಅದು ಸ್ನೇಹ. ಬೆಕ್ಕು ಬಾಲವನ್ನು ಬಡಿದರೆ ಅದು ಸಿಡಿಮಿಡಿ. ನಾಯಿ ಮುಂಗಾಲನ್ನೆತ್ತುವುದು ಎಷ್ಟೋ ವೇಳೆ ಆಟದ ಕರೆ. ಬೆಕ್ಕು ಎತ್ತಿದರೆ ಏಟು ಬೀಳುವ ಸೂಚನೆ. ಒಂದರ ಮಾತು ಇನ್ನೊಂದಕ್ಕೆ ಬೈಗುಳವಾಗಿ ಕೇಳಿಸಿದರೆ ಆಶ್ಚರ್ಯವೇನು? ಸ್ಕಾಟ್ ಮತ್ತು ಫುಲ್ಲರ್ ಎಂಬ ಅಮೆರಿಕದ ವಿಜ್ಞಾನಿಗಳು ನಾಯಿಮರಿಗಳನ್ನು ಹಲವು ವರ್ಷ ಪರಿಶೀಲಿಸಿ 1965ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಹುಟ್ಟಿದ 3ನೆಯ ವಾರದಿಂದ ಸುಮಾರು 12ನೆಯ ವಾರದವರೆಗೆ ಮರಿ ಇತರರೊಡನೆ ಸುಲಭವಾಗಿ ಹೊಂದಿಕೊಳ್ಳುತ್ತದೆಂದು ಅವರು ತೋರಿಸಿದರು. ಆ ದಿನಗಳಲ್ಲಿ ಬೆಕ್ಕನ್ನೇ ಕಾಣದ ನಾಯಿ ಮುಪ್ಪಿನಲ್ಲಿ ಅದನ್ನು ಒಪ್ಪಲು ತಡಮಾಡಿದರೆ ಅದು ಹಟವಲ್ಲ.

ಗುರುಗುಟ್ಟಿದುದಕ್ಕೆ ಹೊಡೆಯುವುದಂತೂ ಅವಿವೇಕ. ಗುರುಗುಟ್ಟುವುದು ಎಚ್ಚರಿಕೆ, ಏಟು ತಿಂದು ಅದನ್ನು ಮರೆತ ನಾಯಿ ಮುಂದೆ ಸದ್ದಿಲ್ಲದೆ ಕಚ್ಚೀತು. ಆಗ ಅದನ್ನು ಊರಾಚೆ ಬಿಟ್ಟುಬರುವವರೂ ಉಂಟು. ಮನೆಯ ಅನ್ನವನ್ನೇ ನಂಬಿದ ಪ್ರಾಣಿ ಬೀದಿಯಲ್ಲಿ ಏನು ಮಾಡಬೇಕು? ಸಕಾರಣವಿಲ್ಲದೆ ಪ್ರಾಣಿಯನ್ನು ಹಸಿವು ಬಾಯಾರಿಕೆಗಳಿಗೆ ಈಡಾಗುವಂತೆ ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಂತೆ ಅಪರಾಧ.

ಮೊದಲ ಭೇಟಿಯಲ್ಲಿ ನಾಯಿಯ ಹಗ್ಗ ಮನೆಯವರ ಕೈಯಲ್ಲಿರಬೇಕು. ಮರಿಗೆ ಏರಿ ಕುಳಿತುಕೊಳ್ಳಲು ಕಪಾಟೋ ಕಿಟಕಿಯೋ ಬೇಕು. ಕೆಲವು ಮನೆಗಳಲ್ಲಿ ವಾರ ಸಾಕು, ಕೆಲವೆಡೆ ತಿಂಗಳುಗಳು. ಬೇಟೆಯ ಸ್ವಭಾವ ಬಲವಾಗಿರುವ ಕೆಲವು ನಾಯಿಗಳು ಎಂದಿಗೂ ಒಪ್ಪುವುದಿಲ್ಲ. ಅಂಥ ಮನೆಗೆ ಬೆಕ್ಕನ್ನು ತರದಿರುವುದೇ ಲೇಸು. ಉಳಿದೆಡೆ ಅವು ಒಟ್ಟಿಗೆ ಆಡಲೇಬೇಕೆಂದಿಲ್ಲ. ಜಗಲಿಯ ಒಂದು ತುದಿಯಲ್ಲಿ ನಾಯಿ, ಇನ್ನೊಂದು ತುದಿಯಲ್ಲಿ ಬೆಕ್ಕು ನಿಶ್ಚಿಂತೆಯಿಂದ ಮಲಗಿದರೆ ಸಾಕು.